ಕಪ್ಪು-ಕಿತ್ತಳೆ ನೊಣಹಿಡುಕ: ಶೋಲಾ ಕಾಡಿನ ನೆಲ ನೋಡಿ ಹಕ್ಕಿ ಹುಡುಕುವ ಸಮಗ್ರ ಮಾರ್ಗದರ್ಶಿ

ನೀಲಗಿರಿಗೆ ಹೋಗಿ ಬರುವ ಹಕ್ಕಿಪ್ರಿಯರಲ್ಲಿ ಹಲವರು ಕಪ್ಪು-ಕಿತ್ತಳೆ ನೊಣಹಿಡುಕ ಕಾಣಲಿಲ್ಲ ಎಂದು ಬೇಸರಪಟ್ಟುಕೊಳ್ಳುತ್ತಾರೆ. ಹಕ್ಕಿ ಅಲ್ಲೇ ಇರುತ್ತದೆ. ಅವರ ಬೈನಾಕ್ಯುಲರ್ ಮರದ ನೆತ್ತಿಯ ಕಡೆಗಿರುತ್ತದೆ, ಹಕ್ಕಿ ಅವರ ಮೊಣಕಾಲಿನ ಎತ್ತರದಲ್ಲಿ ಯಾವುದೋ ಒಣಕಡ್ಡಿಯ ಮೇಲೆ ಸದ್ದಿಲ್ಲದೆ ಕುಳಿತಿರುತ್ತದೆ. ಈ ಹಕ್ಕಿಯನ್ನು ನೋಡಬೇಕೆಂದರೆ ಮೊದಲು ಕಾಡಿನ ನೆಲವನ್ನು ನೋಡಲು ಕಲಿಯಬೇಕು. ನೆಲ ಸರಿಯಿದ್ದ ಕಡೆ ಹಕ್ಕಿ ಇರುತ್ತದೆ, ನೆಲ ಕೆಟ್ಟ ಕಡೆ ಮೇಲೆ ಎಷ್ಟೇ ಚೆಂದದ ಮರಗಳಿದ್ದರೂ ಅದು ಸಿಗುವುದಿಲ್ಲ. ಈ ಮಾರ್ಗದರ್ಶಿಯ ಬಹುಪಾಲು ನೆಲದ ಬಗ್ಗೆಯೇ ಇರುವುದು ಇದೇ ಕಾರಣಕ್ಕೆ.

ಹಕ್ಕಿಯ ಪರಿಚಯ

ಇದು ಪಶ್ಚಿಮ ಘಟ್ಟದ ಹಕ್ಕಿ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದರಲ್ಲೂ ಘಟ್ಟದ ದಕ್ಷಿಣ ಭಾಗದ ಎತ್ತರದ ಬೆಟ್ಟಗಳೇ ಇದರ ಮನೆ. ನೀಲಗಿರಿ, ಪಳನಿ ಬೆಟ್ಟ, ಆನೆಮಲೆ, ಮುನ್ನಾರಿನ ಸುತ್ತಲಿನ ಬೆಟ್ಟಗಳಲ್ಲಿ ಇದರ ಸಂಖ್ಯೆ ಹೆಚ್ಚು. ಸುಮಾರು 700 ಮೀಟರ್ ಎತ್ತರದಿಂದ ಮೇಲೆ ಕಂಡ ದಾಖಲೆಗಳಿದ್ದರೂ ಧಾರಾಳವಾಗಿ ಸಿಗುವುದು 1500 ಮೀಟರ್ ದಾಟಿದ ಮೇಲೆ. ಮದ್ರಾಸ್ ಸೇನೆಯಲ್ಲಿ ವೈದ್ಯನಾಗಿದ್ದ ಥಾಮಸ್ ಜೆರ್ಡನ್ 1839ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಬಹುಕಾಲ ಇದನ್ನು ಒಕ್ರೊಮೆಲಾ ಎಂಬ ಪ್ರತ್ಯೇಕ ಕುಲದಲ್ಲಿ ಇಡಲಾಗಿತ್ತು. ಡಿಎನ್‌ಎ ಅಧ್ಯಯನಗಳ ನಂತರ ಫಿಸೆಡ್ಯುಲಾ ಕುಲಕ್ಕೆ ಬಂತು. ಈಗಿನ ಹೆಸರು ಫಿಸೆಡ್ಯುಲಾ ನೈಗ್ರೊರೂಫಾ.

ಗಾತ್ರ ಗುಬ್ಬಿಗಿಂತ ಚಿಕ್ಕದು, 11ರಿಂದ 13 ಸೆಂಟಿಮೀಟರ್. ಗಂಡಿನ ತಲೆ, ಕತ್ತು, ರೆಕ್ಕೆಗಳು ಅಚ್ಚ ಕಪ್ಪು; ಬೆನ್ನು, ಎದೆ, ಬಾಲ ಎಲ್ಲವೂ ಉಜ್ವಲ ಕಿತ್ತಳೆ. ಹೆಣ್ಣಿನ ಮೈಯೂ ಕಿತ್ತಳೆಯೇ, ಆದರೆ ತಲೆ ಮತ್ತು ರೆಕ್ಕೆಗಳಲ್ಲಿ ಕಪ್ಪಿನ ಬದಲು ಹಸಿರು ಬೆರೆತ ಕಂದು. ಕಣ್ಣಿನ ಸುತ್ತ ತಿಳಿಬಣ್ಣದ ಉಂಗುರ. ಇಷ್ಟು ಎದ್ದು ಕಾಣುವ ಬಣ್ಣದ ಹಕ್ಕಿ ಕಣ್ತಪ್ಪುವುದು ಹೇಗೆ ಎನಿಸಬಹುದು. ಶೋಲಾದೊಳಗಿನ, ಅಂದರೆ ಬೆಟ್ಟದ ಮಡಿಕೆಗಳಲ್ಲಿನ ಗಿಡ್ಡ ಮರಗಳ ಕಾಡಿನೊಳಗಿನ, ಮಬ್ಬಿನಲ್ಲಿ ಕಿತ್ತಳೆ ಬಣ್ಣ ಒಣಗಿದ ಜರೀಗಿಡದ ಎಲೆಯ ಬಣ್ಣಕ್ಕೆ ಬಹಳ ಹತ್ತಿರ. ಕಪ್ಪು ನೆರಳಿನಲ್ಲಿ ಕರಗುತ್ತದೆ. ಹಕ್ಕಿ ಅಲುಗದೆ ಕುಳಿತರೆ ಎರಡು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ.

ಮೊದಲ ಹೆಜ್ಜೆ: ಜಾಗದ ಆಯ್ಕೆ

ಹೊಸಬರಿಗೆ ನಾನು ಹೇಳುವುದು ನೀಲಗಿರಿಯನ್ನೇ. ಕರ್ನಾಟಕದಿಂದ ಹತ್ತಿರ, ಶೋಲಾಗಳು ರಸ್ತೆಯ ಪಕ್ಕದಲ್ಲೇ ಇವೆ, ಹಕ್ಕಿಯೂ ಸಾಕಷ್ಟಿದೆ.

ಊಟಿ ಪೇಟೆಯಿಂದ ಅವಲಾಂಚಿ ಕಡೆಗೆ ಹೋಗುವ ದಾರಿಯಲ್ಲಿರುವ ಕೇರ್ನ್‌ಹಿಲ್ ಮೀಸಲು ಅರಣ್ಯ ಬಹಳ ಮಂದಿ ಮೊದಲ ಬಾರಿಗೆ ಈ ಹಕ್ಕಿಯನ್ನು ಕಂಡ ಜಾಗ. ಅಲ್ಲಿ ಹಿಂದೆ ನೆಟ್ಟ ಸೈಪ್ರೆಸ್ ಮರಗಳಿವೆ, ನಡುನಡುವೆ ಶೋಲಾ ಇದೆ. ಅರಣ್ಯ ಇಲಾಖೆ ಟಿಕೆಟ್ ಕೊಟ್ಟು ಒಳಗೆ ಬಿಡುತ್ತದೆ. ಬಾಗಿಲು ತೆರೆಯುವ ಹೊತ್ತನ್ನು ಹಿಂದಿನ ದಿನವೇ ಹೋಗಿ ಕೇಳಿಕೊಳ್ಳುವುದು ಒಳ್ಳೆಯದು. ವಿದೇಶಿ ಮರಗಳ ಕೆಳಗೂ ಈ ಹಕ್ಕಿ ಇರುವುದನ್ನು ಅಲ್ಲಿ ನೋಡಿದಾಗ, ಅದಕ್ಕೆ ಮುಖ್ಯವಾದದ್ದು ಮರದ ಜಾತಿಯಲ್ಲ, ಮರದ ಕೆಳಗಿನ ಪೊದೆ ಮತ್ತು ತೇವ ಎಂಬುದು ಮನದಟ್ಟಾಗುತ್ತದೆ.

2637 ಮೀಟರ್ ಎತ್ತರದ ದೊಡ್ಡಬೆಟ್ಟದ ಇಳಿಜಾರಿನ ಶೋಲಾಗಳಲ್ಲೂ ಹಕ್ಕಿ ಇದೆ. ಆದರೆ ವೀಕ್ಷಣಾ ಗೋಪುರದ ಕಡೆ ಜನಜಂಗುಳಿ. ಅಲ್ಲಿಗೆ ಬೆಳಗಿನ ಮೊದಲ ಹೊತ್ತಿನಲ್ಲಿ ಹೋಗಿ, ವಾಹನಗಳ ಸಾಲು ಬೆಳೆಯುವ ಮೊದಲೇ ಇಳಿದು ಬಿಡಬೇಕು. ಕೋಟಗಿರಿಯ ಲಾಂಗ್‌ವುಡ್ ಶೋಲಾ ನನಗೆ ಇವೆಲ್ಲಕ್ಕಿಂತ ಮೆಚ್ಚು. 116 ಹೆಕ್ಟೇರಿನ ಈ ಕಾಡು ಸುತ್ತಲಿನ ಹಳ್ಳಿಗಳಿಗೆ ಕುಡಿಯುವ ನೀರಿನ ಮೂಲ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಊರಿನ ಮಗ್ಗುಲಲ್ಲೇ ಇದ್ದರೂ ಇಷ್ಟು ಗಟ್ಟಿಯಾಗಿ ಉಳಿದಿರುವ ಶೋಲಾವನ್ನು ನೋಡಿದರೆ ಹಕ್ಕಿ ಕಾಣದಿದ್ದರೂ ಮನಸ್ಸು ತುಂಬುತ್ತದೆ. ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಇನ್ನೂ ದೂರ ಹೋಗುವವರಿಗೆ ಕೊಡೈಕೆನಾಲಿನ ಶೋಲಾಗಳು, ಮುನ್ನಾರಿನ ಬಳಿಯ ಪಾಂಪಾಡುಂ ಶೋಲಾ ರಾಷ್ಟ್ರೀಯ ಉದ್ಯಾನ ಇವೆ. ಇಲ್ಲಿ ಒಂದು ಸ್ವಾರಸ್ಯ ಗಮನಿಸಿ. ನೀಲಗಿರಿಗೂ ಪಳನಿ-ಆನೆಮಲೆಗಳಿಗೂ ನಡುವೆ ಪಾಲಕ್ಕಾಡಿನ ಕಣಿವೆ ಬರುತ್ತದೆ, ಸುಮಾರು 30 ಕಿಲೋಮೀಟರ್ ಅಗಲದ ತಗ್ಗು. ಇದರ ಎರಡೂ ಬದಿಯ ಶೋಲಾಕಿಳಿ, ಲಾಫಿಂಗ್‌ಥ್ರಷ್ ಎಂಬ ಹಕ್ಕಿಗಳು ಈಗ ಬೇರೆ ಬೇರೆ ಪ್ರಭೇದಗಳು. ನಮ್ಮ ನೊಣಹಿಡುಕವನ್ನು ಮಾತ್ರ ಎರಡೂ ಕಡೆ ಒಂದೇ ಪ್ರಭೇದವೆಂದು ಎಣಿಸುತ್ತಾರೆ.

ಎರಡನೆಯ ಹೆಜ್ಜೆ: ಕಾಲ ಮತ್ತು ಹೊತ್ತು

ಹಕ್ಕಿ ವಲಸೆ ಹೋಗುವುದಿಲ್ಲ, ವರ್ಷವಿಡೀ ಇರುತ್ತದೆ. ಆದರೆ ನೋಡುವವರಿಗೆ ಎಲ್ಲ ತಿಂಗಳೂ ಒಂದೇ ಅಲ್ಲ. ಫೆಬ್ರವರಿ ಕೊನೆಯಿಂದ ಗಂಡುಗಳು ಹೆಚ್ಚು ಹಾಡತೊಡಗುತ್ತವೆ. ಮಾರ್ಚ್‌ನಿಂದ ಮೇ ತನಕ ಮರಿ ಮಾಡುವ ಕಾಲ. ಹಾಡು ಕೇಳಿ ಹುಡುಕಲು ಇದೇ ಸುಲಭದ ಸಮಯ, ಹಕ್ಕಿಗೆ ನಮ್ಮಿಂದ ತೊಂದರೆಯಾಗುವ ಸಾಧ್ಯತೆ ಹೆಚ್ಚಿರುವುದೂ ಇದೇ ಸಮಯದಲ್ಲಿ. ಊಟಿಯ ಪ್ರವಾಸಿ ಹಂಗಾಮು ಏಪ್ರಿಲ್-ಮೇ ತಿಂಗಳಲ್ಲೇ ಬರುವುದರಿಂದ ಶನಿವಾರ, ಭಾನುವಾರ ಬಿಟ್ಟು ಹೋಗಿ. ಸಾಧ್ಯವಾದರೆ ಮಾರ್ಚ್ ಮೊದಲ ವಾರಗಳನ್ನೇ ಆರಿಸಿಕೊಳ್ಳಿ.

ಜೂನ್‌ನಿಂದ ಆಗಸ್ಟ್ ತನಕ ಅವಲಾಂಚಿ, ಅಪ್ಪರ್ ಭವಾನಿ ಕಡೆ ಮಳೆ ಜೋರು. ಕಾಡಿನೊಳಗೆ ಬೆಳಕೂ ಇರುವುದಿಲ್ಲ, ನಡೆಯುವುದೂ ಕಷ್ಟ. ಡಿಸೆಂಬರ್-ಜನವರಿಯಲ್ಲಿ ಬೆಳಗ್ಗೆ ಹುಲ್ಲಿನ ಮೇಲೆ ಹಿಮ ಕಟ್ಟುತ್ತದೆ. ಆಗ ಬೆಳಗಿನ ಆರು ಗಂಟೆಗೆ ಶೋಲಾ ಅಂಚಿನಲ್ಲಿ ನಿಂತು ಫಲವಿಲ್ಲ. ಬಿಸಿಲು ಪೊದೆಗೆ ತಾಗಿ ಕೀಟಗಳು ಚಲಿಸಲು ಶುರುವಾದ ಮೇಲೆ ಹಕ್ಕಿಗಳೂ ಚುರುಕಾಗುತ್ತವೆ. ಉಳಿದ ತಿಂಗಳುಗಳಲ್ಲಿ ಬೆಳಕು ಬಿಟ್ಟಾಗಿನಿಂದ ಒಂಬತ್ತೂವರೆ ತನಕ, ಸಂಜೆ ನಾಲ್ಕರಿಂದ ಬೆಳಕಿರುವ ತನಕ ಒಳ್ಳೆಯದು. ಮೋಡ ಮುಸುಕಿದ ದಿನವಾದರೆ ನಡುಹಗಲೂ ನಡೆಯುತ್ತದೆ.

ಮೂರನೆಯ ಹೆಜ್ಜೆ: ಹೊರಡುವ ಮುನ್ನ

ಮೈಸೂರು, ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾರಿಯಲ್ಲಿ ಹೋಗುವುದಾದರೆ ಬಂಡೀಪುರದ ಅರಣ್ಯ ರಸ್ತೆ ರಾತ್ರಿ 9ರಿಂದ ಬೆಳಗಿನ 6ರ ತನಕ ಮುಚ್ಚಿರುತ್ತದೆ ಎಂಬುದು ನೆನಪಿರಲಿ. ಆದ್ದರಿಂದ ಹಿಂದಿನ ದಿನವೇ ಹೋಗಿ ತಂಗುವುದು ಸರಿ. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಬರುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಗಿದೆ. ಮನೆಯಲ್ಲೇ ಮಾಡಿಸಿಕೊಂಡು ಹೊರಡಿ. ಜಿಲ್ಲೆಯಲ್ಲಿ ಬಿಸಾಡುವ ಪ್ಲಾಸ್ಟಿಕ್‌ಗೆ ನಿಷೇಧವಿದೆ, ನೀರಿನ ಸಣ್ಣ ಪ್ಲಾಸ್ಟಿಕ್ ಬಾಟಲಿಗೂ ಕೂಡ. ಸ್ಟೀಲ್ ಬಾಟಲಿ ಒಯ್ಯಿರಿ.

ಬೈನಾಕ್ಯುಲರ್ 8x32 ಅಥವಾ 8x42 ಸಾಕು. ಇಲ್ಲಿ ದೂರಕ್ಕಿಂತ ಹತ್ತಿರ ಮುಖ್ಯ. ಎರಡು-ಮೂರು ಮೀಟರ್ ದೂರದ ವಸ್ತುವನ್ನು ಸ್ಪಷ್ಟವಾಗಿ ತೋರಿಸುವಂಥದ್ದೇ ಬೇಕು, ಏಕೆಂದರೆ ಹಕ್ಕಿ ನಿಮ್ಮ ಕಾಲ ಬಳಿಯೇ ಬಂದು ಕೂರಬಹುದು. ಕತ್ತಲ ಕಾಡಿನಲ್ಲಿ 42 ಮಿಲಿಮೀಟರ್ ಮಸೂರ ಸ್ವಲ್ಪ ಹೆಚ್ಚು ಬೆಳಕು ಕೊಡುತ್ತದೆ. ಬಟ್ಟೆ ಕಂದು ಅಥವಾ ಮಂಕು ಹಸಿರು ಇರಲಿ. ನಡೆದಾಗ ಸರಸರ ಸದ್ದು ಮಾಡುವ ಮಳೆ ಅಂಗಿಯನ್ನು ಚೀಲದಲ್ಲಿಡಿ, ಮೈಮೇಲೆ ಬೇಡ. ಕೂರಲು ಒಂದು ತುಂಡು ರಬ್ಬರ್ ಹಾಳೆ ಅಥವಾ ಮಡಿಚಿದ ಗೋಣಿ ತಪ್ಪದೆ ಇರಲಿ. ಇಡೀ ಸಾಮಾನಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಮಳೆ ಬಿದ್ದ ದಿನಗಳಲ್ಲಿ ಇಂಬಳಕ್ಕೆ ಉದ್ದ ಕಾಲುಚೀಲ ಬೇಕು.

ಸುರಕ್ಷತೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಊಟಿ, ಕೂನೂರು, ಕೋಟಗಿರಿಯ ಸುತ್ತ ಕಾಟಿಗಳು (ಕಾಡುಕೋಣಗಳು) ಊರೊಳಗೇ ಓಡಾಡುತ್ತವೆ, ಕರಡಿ, ಚಿರತೆಗಳೂ ಇವೆ. ಒಬ್ಬರೇ ಹೋಗಬೇಡಿ. ಶೋಲಾ ಅಂಚಿನಲ್ಲಿ ತಿರುವು ಬಂದಾಗ ನಿಂತು, ಕಿವಿಗೊಟ್ಟು, ಆಮೇಲೆ ಮುಂದೆ ಹೋಗಿ. ಕಾಟಿ ಕಂಡರೆ ಹಿಂದಕ್ಕೆ ಸರಿದು ದಾರಿ ಬಿಡಿ. ಊರಿನವರು ಈ ಕಡೆ ಹೋಗಬೇಡಿ ಎಂದರೆ ಎರಡು ಮಾತಿಲ್ಲದೆ ಹಿಂತಿರುಗಿ.

ನಾಲ್ಕನೆಯ ಹೆಜ್ಜೆ: ನೆಲವನ್ನು ನೋಡುವುದು

ಶೋಲಾ ಎಂದರೆ ಬೆಟ್ಟದ ಮಡಿಕೆಗಳಲ್ಲಿ, ತೊರೆಯ ಗುಂಟ ಬೆಳೆದ ಗಿಡ್ಡ ಮರಗಳ ನಿತ್ಯಹರಿದ್ವರ್ಣ ಕಾಡು. ಸುತ್ತ ಹುಲ್ಲುಗಾವಲು. ಮರಗಳ ಕೊಂಬೆಗಳ ಮೇಲೆ ಪಾಚಿ, ಸೀತಾಳೆ. ಹೊಸಬರ ಕಣ್ಣು ಸಹಜವಾಗಿ ಅಲ್ಲಿಗೆ ಹೋಗುತ್ತದೆ. ನೀವು ಅದನ್ನು ಕೆಳಕ್ಕಿಳಿಸಿ.

ಮೊದಲು ನೋಡಬೇಕಾದದ್ದು ತರಗೆಲೆ. ಒಂದು ಹಿಡಿ ತರಗೆಲೆಯನ್ನು ಮೇಲಿನ ಒಣ ಪದರದ ಕೆಳಗಿನಿಂದ ಎತ್ತಿ ಮುಷ್ಟಿಯಲ್ಲಿ ಹಿಂಡಿ ನೋಡಿ. ಅಂಗೈ ಒದ್ದೆಯಾಗಿ, ಎಲೆಗಳು ಪುಡಿಯಾಗದೆ ಒಂದಕ್ಕೊಂದು ಅಂಟಿಕೊಂಡರೆ ಒಳ್ಳೆಯ ಜಾಗ. ಹಿಂಡಿದ ಎಲೆಗಳನ್ನು ಬಿಡಿಸಿದರೆ ಒಳಗೆ ಬಿಳಿ ಬೂಷ್ಟಿನ ಎಳೆಗಳು ಎಲೆಯಿಂದ ಎಲೆಗೆ ಹೊಲಿಗೆ ಹಾಕಿದಂತೆ ಹಬ್ಬಿರುತ್ತವೆ. ಸಾಸಿವೆಗಿಂತ ಚಿಕ್ಕ ಜಿಗಿಹುಳುಗಳು ಅಂಗೈ ಮೇಲೆ ಚಿಮ್ಮುತ್ತವೆ, ಒಂದೆರಡು ಸಣ್ಣ ಜೇಡ, ಜೀರುಂಡೆ ಅಂಚಿನಿಂದ ಕೆಳಗಿಳಿದು ಓಡುತ್ತವೆ. ನೊಣಹಿಡುಕದ ಊಟ ಹುಟ್ಟುವುದು ಇಂಥ ನೆಲದಲ್ಲಿ. ನೋಡಿದ ಮೇಲೆ ಎಲೆಗಳನ್ನು ಮೊದಲಿದ್ದಂತೆಯೇ ಮುಚ್ಚಿಡಿ. ಎಲೆ ಗರಿಗರಿಯಾಗಿ ಮುರಿದು ಧೂಳೆದ್ದರೆ ಅಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ಈ ಹಕ್ಕಿಯ ಇರುವಿಕೆಗೂ ತರಗೆಲೆಯ ತೇವಕ್ಕೂ ನಂಟಿದೆ ಎಂಬುದು ನೀಲಗಿರಿಯಲ್ಲಿ ಅಧ್ಯಯನ ಮಾಡಿದವರೂ ಕಂಡುಕೊಂಡ ಸಂಗತಿ.

ಎರಡನೆಯದು ಪೊದೆ. ಶೋಲಾದೊಳಗೆ ಕುರಿಂಜಿ ಜಾತಿಯ ಗಿಡಗಳು ಎದೆಯೆತ್ತರ ಬೆಳೆದಿರುತ್ತವೆ. ಅವುಗಳ ಜೊತೆ ಜರೀಗಿಡ, ಮುಳ್ಳುಹಣ್ಣಿನ ಬಳ್ಳಿ, ಕೆಲವೆಡೆ ಬಿದಿರು. ಬೇಕಾದದ್ದು ಮೇಲೆ ದಟ್ಟವಾಗಿ ಮುಚ್ಚಿಕೊಂಡು, ಕೆಳಗೆ ಒಂದೆರಡು ಅಡಿ ಖಾಲಿ ಬಿಟ್ಟ ಪೊದೆ. ಹಕ್ಕಿಗೆ ತಲೆಯ ಮೇಲೆ ಮರೆ ಬೇಕು, ಕಾಲ ಕೆಳಗೆ ಹಾರಿ ಇಳಿಯಲು ತೆರಪು ಬೇಕು, ನಡುವೆ ಕುಳಿತು ಕಾಯಲು ಒಂದು ಕಡ್ಡಿ ಬೇಕು. ಈ ಮೂರೂ ಸೇರಿದ ಕಡೆ ಬೆರಳು ದಪ್ಪದ ಅಡ್ಡಕಡ್ಡಿಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಮಂಡಿಯೂರಿ ಪೊದೆಯ ಅಡಿಯಿಂದ ನೋಡಿದರೆ ಒಳಗಿನದ್ದೆಲ್ಲ ಕಾಣುತ್ತದೆ, ನಿಂತು ನೋಡಿದರೆ ಎಲೆಯ ಚಾವಣಿ ಮಾತ್ರ.

ಮೂರನೆಯದು ನೀರು. ಸಣ್ಣ ತೊರೆ, ಒಸರು, ದಾರಿ ಪಕ್ಕದ ಹಳೆಯ ಕಾಲುವೆ, ಯಾವುದಾದರೂ ಸರಿ. ತೊರೆಯ ಎರಡೂ ಬದಿ ಬೇಸಿಗೆಯಲ್ಲೂ ತೇವ ಆರುವುದಿಲ್ಲ. ಮಾರ್ಚ್-ಏಪ್ರಿಲ್ ತಿಂಗಳಲ್ಲಿ ಇಳಿಜಾರಿನ ಮೇಲ್ಭಾಗ ಒಣಗಿದಾಗ ನಾನು ನೇರವಾಗಿ ಮಡಿಕೆಯ ತಳಕ್ಕೇ ಹೋಗುತ್ತೇನೆ.

ನೆಲ ಕೆಟ್ಟಿರುವ ಗುರುತುಗಳನ್ನೂ ತಿಳಿದಿರಬೇಕು. ದನ ಮೇದು ಪೊದೆಯ ಕೆಳಭಾಗ ಬೋಳಾಗಿರುವುದು, ಸೌದೆಗಾಗಿ ಒಣಕಡ್ಡಿಗಳನ್ನೆಲ್ಲ ಆರಿಸಿರುವುದು, ಬೆಂಕಿ ಬಿದ್ದು ಬುಡಗಳು ಕಪ್ಪಾಗಿರುವುದು, ನೀಲಗಿರಿ (ಯೂಕಲಿಪ್ಟಸ್) ಮರಗಳ ಕೆಳಗೆ ಬರೀ ಒಣಸೊಪ್ಪು ಹರಡಿರುವುದು. ಇಂಥ ಕಡೆ ಮರಗಳು ನಿಂತೇ ಇರುತ್ತವೆ, ದೂರದಿಂದ ಕಾಡು ಹಸಿರಾಗಿಯೇ ಕಾಣುತ್ತದೆ. ಉದ್ಯಾನವೆಂದು ಹೇಳಿ ಪೊದೆ ಸವರಿ, ತರಗೆಲೆ ಗುಡಿಸಿ, ಕಲ್ಲುಹಾಸು ಹಾಕಿದ ಜಾಗಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮರ ಕಡಿದರೆ ಹತ್ತು ಜನ ಪ್ರಶ್ನಿಸುತ್ತಾರೆ. ಪೊದೆ ಸವರಿದರೆ ಸ್ವಚ್ಛತೆ ಎಂದು ಮೆಚ್ಚುತ್ತಾರೆ. ಆದರೆ ಈ ಹಕ್ಕಿ ಬದುಕುವುದು ಆ ಸವರಿಹಾಕಿದ ಪೊದೆಯಲ್ಲೇ.

ಐದನೆಯ ಹೆಜ್ಜೆ: ಕಿವಿಗೊಡುವುದು

ಹಾಡು ತೀರಾ ಸಣ್ಣ ದನಿಯದು, ಲೋಹದ ತಂತಿ ಮೀಟಿದಂಥ ಚೂಪು. "ಚೀ-ರಿ-ರಿರ್ರ್" ಎಂದು ಬರೆದರೆ ಸುಮಾರಾಗಿ ಹೊಂದುತ್ತದೆ. ತೊರೆಯ ಸದ್ದಿನ ಪಕ್ಕ ನಿಂತರೆ ಕೇಳಿಸದು, ಹತ್ತು ಹೆಜ್ಜೆ ಈಚೆ ಬನ್ನಿ. ಎಚ್ಚರಿಕೆಯ ಕೂಗು ಬೇರೆ, ಮೆಲ್ಲನೆಯ "ಜಿಟ್-ಜಿಟ್". ಇದನ್ನು ಕೂಗುವಾಗ ಹಕ್ಕಿ ರೆಕ್ಕೆಯನ್ನು ಚಟಕ್ಕನೆ ಅಲುಗಿಸಿ ತಲೆ ಬಾಗಿಸುತ್ತದೆ. ಹಾಡು ಕೇಳಿದರೆ ಹುಡುಕಿ. ಜಿಟ್-ಜಿಟ್ ಕೇಳಿದರೆ ನೀವು ಈಗಾಗಲೇ ಹೆಚ್ಚು ಹತ್ತಿರ ಬಂದಿದ್ದೀರಿ, ಅಲ್ಲೇ ನಿಲ್ಲಿ, ಅಥವಾ ಹಿಂದೆ ಸರಿಯಿರಿ.

ಮರ್ಲಿನ್ ಆ್ಯಪ್ ದನಿ ಗುರುತಿಸಲು ನೆರವಾಗುತ್ತದೆ. ಆದರೆ ಮನೆಯಲ್ಲೇ ಕೇಳಿ ಕಲಿತು ಬನ್ನಿ. ಕಾಡಿನಲ್ಲಿ ಮೊಬೈಲಿನಿಂದ ಹಾಡು ನುಡಿಸಿ ಹಕ್ಕಿಯನ್ನು ಹೊರಗೆಳೆಯುವುದನ್ನು ಮಾತ್ರ ಮಾಡಲೇಬೇಡಿ. ಪ್ರತಿ ಗಂಡಿಗೂ ತನ್ನದೇ ಸರಹದ್ದು ಇರುತ್ತದೆ. ಬೇರೊಂದು ಗಂಡು ಒಳಗೆ ನುಗ್ಗಿದೆ ಎಂದುಕೊಂಡು ಅದು ಮೇವು ಬಿಟ್ಟು, ಗೂಡಿನ ಕಾವಲು ಬಿಟ್ಟು ಓಡಿ ಬರುತ್ತದೆ. ಕೇರ್ನ್‌ಹಿಲ್‌ನಂಥ ಜಾಗದಲ್ಲಿ ದಿನಕ್ಕೆ ಎಷ್ಟೋ ಗುಂಪುಗಳು ಬರುತ್ತವೆ. ಪ್ರತಿಯೊಬ್ಬರೂ ಒಂದೇ ಒಂದು ಸಲ ನುಡಿಸಿದರೂ ಆ ಹಕ್ಕಿಯ ಪಾಡೇನು?

ಆರನೆಯ ಹೆಜ್ಜೆ: ಕೂರುವುದು

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು, ಹೆಚ್ಚಿನವರು ಬಿಡುವುದೂ ಇದನ್ನೇ. ಶೋಲಾದಲ್ಲಿ ನಡೆಯುತ್ತಾ ಹೋದರೆ ಬೆಳ್ಗಣ್ಣ, ಪಿಕಳಾರ, ಬೂದುತಲೆಯ ನೊಣಹಿಡುಕ ಇತ್ಯಾದಿ ಗುಂಪಿನಲ್ಲಿ ಬರುವ ಹಕ್ಕಿಗಳು ಸಿಗುತ್ತವೆ. ಕಪ್ಪು-ಕಿತ್ತಳೆ ನೊಣಹಿಡುಕ ಸಾಮಾನ್ಯವಾಗಿ ಆ ಗುಂಪುಗಳಲ್ಲಿ ಸೇರುವುದಿಲ್ಲ. ಒಂಟಿಯಾಗಿ ಇಲ್ಲವೇ ಜೋಡಿಯಾಗಿ ತನ್ನ ಜಾಗದಲ್ಲೇ ಇರುತ್ತದೆ. ಅದು ನಮ್ಮೆದುರು ಹಾದು ಹೋಗಲಿ ಎಂದು ಕಾಯುವಂತಿಲ್ಲ, ಅದರ ಜಾಗಕ್ಕೆ ಹೋಗಿ ನಾವೇ ಕೂರಬೇಕು.

ದಾರಿ ಬಿಟ್ಟು ಒಳನುಗ್ಗಬೇಡಿ. ದಾರಿಯಿಂದಲೇ ಪೊದೆಯ ಅಡಿಭಾಗ ಕಾಣುವ, ಮುಂದೆ ಎರಡು-ಮೂರು ಮೀಟರ್ ತರಗೆಲೆಯ ತೆರಪು ಇರುವ ಜಾಗ ಹಿಡಿಯಿರಿ. ಬೆನ್ನಿಗೆ ಮರ ಅಥವಾ ದಿಬ್ಬ ಇರಲಿ, ನಿಮ್ಮ ಆಕಾರ ಬೆಳಕಿಗೆ ಅಡ್ಡವಾಗಿ ಎದ್ದು ಕಾಣಬಾರದು. ಗೋಣಿ ಹಾಸಿ ನೆಲದ ಮೇಲೇ ಕುಳಿತುಕೊಳ್ಳಿ. ಆಗ ನಿಮ್ಮ ಕಣ್ಣು ಹಕ್ಕಿಯ ಮಟ್ಟಕ್ಕೆ ಬರುತ್ತದೆ. ಮೊದಲ ಹತ್ತು ನಿಮಿಷ ಏನೂ ಆಗದು. ನಿಮ್ಮ ಬರುವಿಕೆಯ ಸದ್ದು ಕಾಡಿನಿಂದ ಇಳಿದು ಹೋಗಲು ಅಷ್ಟು ಹೊತ್ತು ಬೇಕು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕೂರುವ ಮನಸ್ಸು ಮಾಡಿ. ಮಾತು ಬೇಡ, ಕೈ ಎತ್ತಿ ತೋರಿಸುವುದೂ ಬೇಡ. ಜೊತೆಗಾರರಿಗೆ ಹೇಳಬೇಕಾದರೆ ಪಿಸುದನಿಯಲ್ಲಿ "ಬಾಗಿದ ಬೇರಿನ ಎಡಕ್ಕೆ" ಎಂದರೆ ಸಾಕು.

ಕಣ್ಣನ್ನು ಒಂದೇ ಕಡೆ ನಾಟಿಸದೆ ಇಡೀ ತೆರಪಿನ ಮೇಲೆ ಸಡಿಲವಾಗಿ ಬಿಡಿ. ಮೊದಲು ಕಾಣುವುದು ಹಕ್ಕಿಯಲ್ಲ, ಒಂದು ಚಲನೆ. ಕಡ್ಡಿಯಿಂದ ನೆಲಕ್ಕೆ ಇಳಿದು ಮತ್ತೆ ಮೇಲೆ ಹೋಗುವ ಕಿತ್ತಳೆ ಗೆರೆ. ಆಮೇಲೆ ಅದು ಕುಳಿತ ಕಡ್ಡಿಯನ್ನು ಮಾತ್ರ ನೋಡಿ. ಅದಕ್ಕೆ ಕುತೂಹಲವೂ ಹೆಚ್ಚು. ನೀವು ಅಲುಗದಿದ್ದರೆ ಸ್ವಲ್ಪ ಸ್ವಲ್ಪವೇ ಹತ್ತಿರ ಬಂದು, ತಲೆ ವಾರೆ ಮಾಡಿ ನಿಮ್ಮನ್ನೇ ನೋಡುವುದುಂಟು. ಆ ಕ್ಷಣಕ್ಕಾಗಿ ಎಷ್ಟು ಸಲ ಬೇಕಾದರೂ ಆ ಒದ್ದೆ ನೆಲದ ಮೇಲೆ ಕೂರಲು ನಾನು ಸಿದ್ಧ.

ಏಳನೆಯ ಹೆಜ್ಜೆ: ಗುರುತು ಖಚಿತ ಮಾಡಿಕೊಳ್ಳುವುದು

ಗಂಡಿನಲ್ಲಿ ತಪ್ಪಾಗುವುದು ಕಷ್ಟ. ಆದರೂ ಮೂರು ಹಕ್ಕಿಗಳ ಬಗ್ಗೆ ಎಚ್ಚರವಿರಲಿ. ಚಳಿಗಾಲದಲ್ಲಿ ಕಾಶ್ಮೀರದ ನೊಣಹಿಡುಕ ನೀಲಗಿರಿಗೆ ಬರುತ್ತದೆ. ಅದರ ಗಂಡಿನ ಎದೆಯೂ ಕಿತ್ತಳೆಯೇ, ಆದರೆ ಬೆನ್ನು ಬೂದುಗಂದು, ಕಿತ್ತಳೆಯ ಅಂಚಿಗೆ ಕಪ್ಪು ಗೆರೆ, ಬಾಲದ ಬುಡದಲ್ಲಿ ಬಿಳುಪು. ನಮ್ಮ ಹಕ್ಕಿಯ ಬೆನ್ನು, ಬಾಲ ಪೂರ್ತಿ ಕಿತ್ತಳೆ, ಬಿಳುಪು ಎಲ್ಲೂ ಇಲ್ಲ. ನೀಲಗಿರಿ ಶೋಲಾಕಿಳಿ ಅದೇ ಕತ್ತಲಲ್ಲಿ, ಅದೇ ನೆಲದ ಮೇಲೆ ಓಡಾಡುತ್ತದೆ. ಅದಕ್ಕೆ ಪಕ್ಕೆಯಲ್ಲಿ ಮಾತ್ರ ಕೆಂಗಂದು, ಬೆನ್ನು ಕಡುನೀಲಿ, ಹೊಟ್ಟೆ ಬಿಳಿ, ಕಾಲು ಉದ್ದ. ನೀಲಗಿರಿ ನೊಣಹಿಡುಕ ಪೂರ್ತಿ ನೀಲಿ, ಕೂರುವುದೂ ಮೇಲಿನ ಕೊಂಬೆಗಳಲ್ಲಿ.

ಹೆಣ್ಣನ್ನು ಕಂಡಾಗ ತಲೆಯ ಮಂಕು ಕಂದು ನೋಡಿ ಬೇರೆ ಹಕ್ಕಿ ಎಂದು ಬಿಡುವವರಿದ್ದಾರೆ. ಬಾಲ ಮತ್ತು ಸೊಂಟದ ಕಿತ್ತಳೆಯನ್ನು ನೋಡಿ, ಕಣ್ಣಿನ ಉಂಗುರ ನೋಡಿ, ಅದು ಕುಳಿತಿರುವ ಎತ್ತರ ನೋಡಿ. ಮೂರೂ ಹೊಂದಿದರೆ ಅನುಮಾನ ಬೇಡ.

ಎಂಟನೆಯ ಹೆಜ್ಜೆ: ನೋಡಿದ ಮೇಲೆ ಏನು ನೋಡಬೇಕು

ಪಟ್ಟಿಯಲ್ಲಿ ಹೆಸರು ಬರೆದು ಎದ್ದು ಹೋಗುವುದಾದರೆ ಇಷ್ಟು ದೂರ ಬಂದದ್ದು ದಂಡ. ಅದು ಉಣ್ಣುವ ಬಗೆಯನ್ನು ನೋಡಿ. ಹೆಸರು ನೊಣಹಿಡುಕ ಎಂದಿದ್ದರೂ ಗಾಳಿಯಲ್ಲಿ ಹಾರುವ ನೊಣವನ್ನೇ ಹಿಡಿಯುತ್ತಾ ಕೂರುವುದಿಲ್ಲ. ನೆಲದಿಂದ ಎರಡು ಮೀಟರಿನೊಳಗೆ ಅದರ ಬಹುಪಾಲು ಬೇಟೆ. ಕಡ್ಡಿಯ ಮೇಲೆ ಕಲ್ಲಿನಂತೆ ಕೂರುತ್ತದೆ, ತಲೆ ಮಾತ್ರ ತುಸು ಅತ್ತಿತ್ತ. ಇದ್ದಕ್ಕಿದ್ದಂತೆ ತರಗೆಲೆಯ ಮೇಲೆ ಇಳಿದು, ಒಂದೇ ಕುಕ್ಕಿಗೆ ಹುಳು ಹಿಡಿದು ಮೇಲೇರುತ್ತದೆ. ಕೆಲವೊಮ್ಮೆ ಎಲೆಯ ಅಡಿಯಲ್ಲಿ ಅಂಟಿಕೊಂಡ ಕೀಟವನ್ನು ಹಾರುತ್ತಲೇ ಕಿತ್ತುಕೊಳ್ಳುತ್ತದೆ, ಕೆಲವೊಮ್ಮೆ ಒಂದೆರಡು ಅಡಿ ಗಾಳಿಯಲ್ಲಿ ಚಿಮ್ಮಿ ವಾಪಸಾಗುತ್ತದೆ.

ಸಣ್ಣ ಪುಸ್ತಕದಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ: ಪ್ರತಿ ಬೇಟೆಯೂ ನೆಲದಿಂದ ಎಷ್ಟು ಎತ್ತರದಲ್ಲಿ, ನೆಲದ ಮೇಲೋ ಎಲೆಯ ಮೇಲೋ ಗಾಳಿಯಲ್ಲೋ, ಅದೇ ಕಡ್ಡಿಗೆ ಮರಳಿತೋ ಇಲ್ಲವೋ. ಒಂದು ಬೆಳಗಿನ ಟಿಪ್ಪಣಿಯಲ್ಲೇ ಆ ಹಕ್ಕಿ ಮತ್ತೆ ಮತ್ತೆ ಬಳಸುವ ಕಡ್ಡಿಗಳ ನಕ್ಷೆ ಕೈಗೆ ಬರುತ್ತದೆ. ಮುಂದಿನ ಸಲ ಹೋದಾಗ ಅಲ್ಲೇ ಹುಡುಕಬಹುದು.

ಕ್ಯಾಮೆರಾ ಇರುವವರಿಗೆ

ಬೆಳಕು ಬಹಳ ಕಡಿಮೆ ಎಂದು ಒಪ್ಪಿಕೊಂಡೇ ಹೋಗಿ. ಐಎಸ್ಒ 3200 ಅಥವಾ ಅದಕ್ಕೂ ಮೇಲೆ, ಶಟರ್ 1/125ರ ಆಸುಪಾಸು, ಮೊಣಕಾಲಿನ ಮೇಲೆ ಮೊಣಕೈ ಊರಿ. ಹಕ್ಕಿ ಅಲುಗದೆ ಕೂರುವುದರಿಂದ ಇದು ಸಾಕಾಗುತ್ತದೆ. ಫ್ಲ್ಯಾಷ್ ಬೇಡ. ಹುಳು ಚೆಲ್ಲಿ, ಕಲ್ಲಿನ ಮೇಲೆ ಪಾಚಿ ಇಟ್ಟು, ಹಕ್ಕಿಯನ್ನು ಬಿಸಿಲಿಗೆ ತಂದು ತೆಗೆದ ಚಿತ್ರಗಳು ಜಾಲತಾಣಗಳಲ್ಲಿ ತುಂಬಿವೆ. ಪೊದೆ ಬಿಟ್ಟು ತೆರಪಿಗೆ ಬರುವ ಅಭ್ಯಾಸ ಹಿಡಿದ ಸಣ್ಣ ಹಕ್ಕಿಗೆ ಗಿಡುಗ, ಬೆಕ್ಕುಗಳ ಭಯ ಹೆಚ್ಚು. ಕಡ್ಡಿಗಳ ಹಿಂದೆ ಅರ್ಧ ಮರೆಯಾದ, ತುಸು ಮಬ್ಬಾದ ಚಿತ್ರವೇ ಈ ಹಕ್ಕಿಯ ನಿಜವಾದ ಚಿತ್ರ ಎಂದು ನಾನು ನಂಬುತ್ತೇನೆ.

ಗೂಡು ಕಣ್ಣಿಗೆ ಬಿದ್ದರೆ

ಮಾರ್ಚ್‌ನಿಂದ ಮೇ ತನಕ ಪೊದೆಯ ತಗ್ಗಿನಲ್ಲಿ, ನೆಲದಿಂದ ಒಂದು ಮೀಟರಿನ ಆಸುಪಾಸು, ಗಾಳಿಗೆ ಬಂದು ಸಿಕ್ಕಿಕೊಂಡ ಕಸದಂತೆ ಕಾಣುವ ಒಣ ಎಲೆಗಳ ಉಂಡೆಯೊಂದು ಕಂಡರೆ ಅದು ಈ ಹಕ್ಕಿಯ ಗೂಡಾಗಿರಬಹುದು. ಒಣ ಎಲೆ, ಹುಲ್ಲು, ಜರೀಗಿಡದ ಗರಿಗಳಿಂದ ಕಟ್ಟಿದ, ಪಕ್ಕದಲ್ಲಿ ಬಾಗಿಲಿರುವ ಗೂಡು. ಸಾಮಾನ್ಯವಾಗಿ ಎರಡು ಮೊಟ್ಟೆ, ಬೂದುಬಿಳಿಯ ಮೇಲೆ ಕೆಂಗಂದು ಚುಕ್ಕೆ. ಇದನ್ನು ನಾನು ಬರೆಯುತ್ತಿರುವುದು ನೀವು ಹುಡುಕಲಿ ಎಂದಲ್ಲ, ಕಂಡ ಕೂಡಲೇ ಗುರುತಿಸಿ ದೂರ ಸರಿಯಲಿ ಎಂದು. ಕೈಚಾಚಬೇಡಿ, ಎಲೆ ಸರಿಸಿ ಇಣುಕಬೇಡಿ, ಅಲ್ಲಿ ಕಾಲುದಾರಿ ಬೀಳುವಂತೆ ಓಡಾಡಬೇಡಿ. ಮಂಗ, ಕಾಡುಕಾಗೆಗಳು ನಮ್ಮ ನಡೆಯನ್ನು ಗಮನಿಸುತ್ತಿರುತ್ತವೆ. ಚಿತ್ರ ತೆಗೆಯುವುದಾಗಲಿ, ಜಾಗವನ್ನು ಗೆಳೆಯರ ಗುಂಪಿಗೆ ಕಳಿಸುವುದಾಗಲಿ ಬೇಡ.

ಕರ್ನಾಟಕದಲ್ಲೇ ನೋಡಬೇಕೆಂದರೆ

ನಮ್ಮ ರಾಜ್ಯ ಈ ಹಕ್ಕಿಯ ಹರವಿನ ಉತ್ತರದ ತುದಿ. ಕೊಡಗಿನ ಬ್ರಹ್ಮಗಿರಿಯ ಮೇಲ್ಮಟ್ಟದ ಶೋಲಾಗಳು, ಬಿಳಿಗಿರಿರಂಗನ ಬೆಟ್ಟದ ಎತ್ತರದ ಕಾಡುಗಳಲ್ಲಿ ಇದು ಇದೆ. ಇಲ್ಲಿ ನೀಲಗಿರಿಯಷ್ಟು ಸುಲಭವಲ್ಲ. ಶೋಲಾಗಳು ಚಿಕ್ಕವು, ಒಂದಕ್ಕೊಂದು ದೂರ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಕಾಲ್ನಡಿಗೆಗೆ ಅವಕಾಶವಿಲ್ಲದ ಕಡೆಗಳೇ ಹೆಚ್ಚು. ಬ್ರಹ್ಮಗಿರಿಯಲ್ಲಿ ಅರಣ್ಯ ಇಲಾಖೆಯ ಅನುಮತಿ ಮತ್ತು ಮಾರ್ಗದರ್ಶಿ ಇಲ್ಲದೆ ಹತ್ತುವಂತಿಲ್ಲ. ನೀಲಗಿರಿಯಲ್ಲಿ ಹಾಡನ್ನೂ ಕೂರುವ ಎತ್ತರವನ್ನೂ ಚೆನ್ನಾಗಿ ಕಲಿತು ಬಂದವರಿಗೆ ಇಲ್ಲಿ ಹುಡುಕುವುದು ಅರ್ಧ ಸಲೀಸು.

ಇಲ್ಲಿ ಕಂಡ ಪ್ರತಿ ಹಕ್ಕಿಗೂ ಬೆಲೆ ಹೆಚ್ಚು. ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕುವಾಗ ಬರೀ ಹೆಸರು, ಸಂಖ್ಯೆ ಕೊಟ್ಟು ಬಿಡಬೇಡಿ. ಸಮುದ್ರಮಟ್ಟದಿಂದ ಎತ್ತರ, ಪೊದೆಯ ಬಗೆ, ತರಗೆಲೆ ಒದ್ದೆಯೋ ಒಣಗಿತ್ತೋ, ಹಾಡುತ್ತಿತ್ತೋ, ಗಂಡೋ ಹೆಣ್ಣೋ ಎಂಬುದನ್ನೆಲ್ಲ ಟಿಪ್ಪಣಿಯಲ್ಲಿ ಸೇರಿಸಿ. ಗೂಡಿನ ಜಾಗವನ್ನು ಮಾತ್ರ ಬರೆಯಬೇಡಿ. ಹುಡುಕಿಯೂ ಸಿಗದ ದಿನದ ಪಟ್ಟಿಯನ್ನೂ ಹಾಕಿ. ಯಾವ ಶೋಲಾದಲ್ಲಿ ಹಕ್ಕಿ ಇಲ್ಲ, ಯಾವಾಗಿನಿಂದ ಇಲ್ಲ ಎಂಬುದು ಮುಂದೆ ತಿಳಿಯುವುದು ಅಂಥ ಪಟ್ಟಿಗಳಿಂದಲೇ.

ಎತ್ತರದ ಶೋಲಾಗಳಿಗೆ ತಾಗಿಕೊಂಡು ಏಲಕ್ಕಿ ಅಥವಾ ಕಾಫಿ ತೋಟ ಇರುವ ಕೊಡಗಿನವರಲ್ಲಿ ಒಂದು ಮನವಿ. ತೋಟ ಮತ್ತು ಕಾಡಿನ ನಡುವಿನ ತೊರೆಯ ಎರಡೂ ಬದಿ ನಾಲ್ಕೈದು ಮಾರು ಪೊದೆಯನ್ನು ಸವರದೆ ಬಿಡಿ. ಅಲ್ಲಿನ ತರಗೆಲೆಯನ್ನು ಗುಡ್ಡೆ ಮಾಡಿ ಸುಡಬೇಡಿ, ಬಿದ್ದ ಒಣಕಡ್ಡಿಗಳನ್ನು ಅಲ್ಲೇ ಇರಲು ಬಿಡಿ. ಆ ಅಂಚಿನಲ್ಲಿ ಕೀಟನಾಶಕ ಸಿಂಪಡಿಸುವುದನ್ನೂ ಬಿಟ್ಟರೆ, ಮಾರ್ಚ್ ತಿಂಗಳ ಒಂದು ಬೆಳಗ್ಗೆ ತೊರೆಯಿಂದ ಹತ್ತು ಹೆಜ್ಜೆ ಈಚೆ ಗೋಣಿ ಹಾಸಿ ಕುಳಿತು ನೋಡಿ.